ಬದು ಇದ್ದ ಜಾಗ

ಕ್ಷೌರದವನು ಇವತ್ತು ಬಾಯಿ ಬಿಡಲಿಲ್ಲ. ಬಾಯಿ ಮುಚ್ಚಿಕೊಂಡು ಕ್ಷೌರ ಮಾಡುವುದು ಆ ಮನುಷ್ಯನ ಜಾಯಮಾನದಲ್ಲೇ ಇರಲಿಲ್ಲ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಊರಿನ ಅರ್ಧ ಸುದ್ದಿ, ಕತ್ತಿ ಆಡಿಸುವಾಗ ಉಳಿದರ್ಧ ಮುಗಿಸಿ, ಪಟಿಕ ಉಜ್ಜುವ ಹೊತ್ತಿಗೆ ತನ್ನ ಸೊಂಟನೋವಿಗೆ ಬಂದು ನಿಲ್ಲುತ್ತಿದ್ದವನು. ಇವತ್ತು ಕುರ್ಚಿಯ ಹಿಂದೆ ಅವನ ಮೂಗಿನ ಉಸಿರು ಮಾತ್ರ ಕೇಳಿಸುತ್ತಿತ್ತು. ಬೆಂಚಿನ ಮೇಲೆ ಸರದಿಗೆ ಕಾದಿದ್ದ ಇಬ್ಬರು ಕನ್ನಡಿಯೊಳಗಿನಿಂದ ತನ್ನನ್ನೇ ನೋಡುತ್ತಿದ್ದುದು ಗೆರೆಯಣ್ಣನಿಗೆ ಕಾಣುತ್ತಿತ್ತು. ಅವನು ಕಣ್ಣೆತ್ತಿದೊಡನೆ ಒಬ್ಬ ಗೋಡೆಯ ಗಡಿಯಾರ ನೋಡಿದ, ಇನ್ನೊಬ್ಬ ತನ್ನ ಉಗುರು ನೋಡಿಕೊಂಡ. ಥೂ, ನನಗೇನು ಕೋಡು ಮೂಡಿದೆಯಾ ಅಂತ ಕೇಳಿಬಿಡೋಣ ಅನ್ನಿಸಿತು. ಕೇಳೋಣವೆಂದರೆ ಕತ್ತಿ ಗಂಟಲ ಮೇಲಿತ್ತು. ಈ ಕೈಗೆ ಎಷ್ಟು ವರ್ಷದಿಂದ ಕತ್ತು ಒಡ್ಡಿಕೊಂಡು ಬಂದಿದ್ದೇನೆ, ನನಗೂ ಒಂದು ಗಂಟಲಿದೆ ಎನ್ನುವುದು ಒಂದು ದಿನವೂ ನೆನಪಾಗಿರಲಿಲ್ಲವಲ್ಲ ಎಂದುಕೊಂಡ. ಕತ್ತಿ ಕೆಳಗಿಳಿದ ಮೇಲೆ ಸುಮ್ಮನಿರಲಾರದೆ, "ಏನಪ್ಪಾ, ಸೊಂಟ ಹೇಗಿದೆ?" ಎಂದ. "ಇದೆ," ಎಂದ ಕ್ಷೌರದವನು. ಅಷ್ಟೇ. ಪಟಿಕವನ್ನೂ ಉಜ್ಜಲಿಲ್ಲ, ತುಂಡನ್ನು ಅವನ ಕೈಗೇ ಕೊಟ್ಟು ಮುಂದಿನವನನ್ನು ಕರೆದ.

ಗೆರೆಯಣ್ಣ ಎನ್ನುವುದು ಊರು ಕೊಟ್ಟ ಹೆಸರು. ಟ್ರ್ಯಾಕ್ಟರ್ ಹಿಡಿದು ಅವನು ಉತ್ತರೆ ಸಾಲು ದಾರ ಹಿಡಿದು ಎಳೆದ ಹಾಗೆ ಹೊಲದ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತಿತ್ತು. ಬೇರೆಯವರು ನಡುನಡುವೆ ಹಿಂದೆ ತಿರುಗಿ ನೋಡುತ್ತಾರೆ, ನೋಡಿದಲ್ಲೆಲ್ಲ ಸಾಲು ಹಾವಾಗುತ್ತದೆ. ಅವನು ತಿರುಗಿ ನೋಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ, "ನನ್ನ ಬೈತಲೆ ನೀವೇ ತೆಗೀರಿ, ನನಗೆ ಇಷ್ಟು ನೆಟ್ಟಗೆ ಬರಲ್ಲ," ಎಂದು ಗೇಲಿ ಮಾಡುತ್ತಿದ್ದಳು. ಅಂಗಡಿ ಬೀದಿಯಲ್ಲಿ ನಡೆಯುತ್ತಾ ಅವನು ಕೆನ್ನೆ ಮುಟ್ಟಿಕೊಂಡ. ದವಡೆಯ ಕೆಳಗೆ ಕೂದಲು ಹಾಗೇ ಉಳಿದಿತ್ತು. ಅರ್ಧಂಬರ್ಧ ಕ್ಷೌರ ಮಾಡಿ ಕಳಿಸಿದ್ದಾನೆ ನನ್ನ ಮಗ. ವಾಪಸು ಹೋಗಿ ಇದೇನಯ್ಯಾ ಎಂದು ಕೇಳಬಹುದಿತ್ತು, ಹೋದ ತಿಂಗಳಾಗಿದ್ದರೆ ಕೇಳಿಯೇ ಕೇಳುತ್ತಿದ್ದ. ಈಗ ಕೇಳಿದರೆ ಆ ಬೆಂಚಿನ ಮೇಲಿನವರು ಇನ್ನೊಂದು ಸಲ ಗಡಿಯಾರ ನೋಡುತ್ತಾರೆ. ಹಿಟ್ಟಿನ ಗಿರಣಿಯ ಮುಂದೆ ನಾಲ್ಕೈದು ಹೆಂಗಸರು ಡಬ್ಬ ಇಟ್ಟುಕೊಂಡು ನಿಂತಿದ್ದರು. ಗಿರಣಿಯ ಸದ್ದಿಗೆ ಕೂಗಿ ಕೂಗಿ ಮಾತಾಡುತ್ತಿದ್ದವರು ಅವನು ಹತ್ತಿರ ಬಂದಂತೆ ಸುಮ್ಮನಾದರು, ದಾಟಿದ ಮೇಲೆ ಮತ್ತೆ ಶುರುವಾಯಿತು. ಅವನಿಗೆ ಕೇಳಿಸಿದ್ದು ಒಂದೇ ಮಾತು: "ಪುಕ್ಕಟೆ". ಉಳಿದದ್ದನ್ನು ಗಿರಣಿ ನುಂಗಿತು. ನುಂಗದಿದ್ದರೂ ಅವನಿಗೆ ಗೊತ್ತಿತ್ತು. ಇಷ್ಟು ವರ್ಷ, ಗಂಡ ಕಾಣೆಯಾದ ಆ ಅತ್ತಿಗೆಯ ಪಕ್ಕದ ಹೊಲವನ್ನು ಅವನು ಬಾಡಿಗೆ ತಗೊಳ್ಳದೆ ಪುಕ್ಕಟೆ ಉತ್ತುಕೊಟ್ಟಿದ್ದು ಯಾಕೆ ಅಂತ ಈಗ ತಿಳೀತಲ್ಲ, ಎಂದು ಆಡಿಕೊಳ್ಳುತ್ತಿದ್ದಾರೆ. ಹೋದ ತಿಂಗಳವರೆಗೆ ಇದೇ ಬಾಯಿಗಳು ಅದೇ ಕೆಲಸಕ್ಕೆ ಅವನನ್ನು ಪುಣ್ಯಾತ್ಮ ಎನ್ನುತ್ತಿದ್ದವು.

ಇದು ಉಳುವ ಕಾಲ, ಮೊಬೈಲು ಪುರುಸೊತ್ತಿಲ್ಲದೆ ಬಡಿದುಕೊಳ್ಳಬೇಕಾದ ಕಾಲ. ನಾಳೆ ನನ್ನ ಹೊಲಕ್ಕೆ ಬಾ, ಇಲ್ಲ ಮೊದಲು ನನಗೆ ಮಾತು ಕೊಟ್ಟಿದ್ದೆ ಎಂದು ಜನ ಕಿತ್ತಾಡುವ ಕಾಲ. ಜೇಬಿನಲ್ಲಿ ಅದು ಸತ್ತ ಹಾಗೆ ಬಿದ್ದಿತ್ತು. ಎರಡು ಸಲ ತೆಗೆದು ಕೆಟ್ಟಿದೆಯಾ ಎಂದು ನೋಡಿದ. ಮೂರನೆಯ ಸಲ ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಇನ್ಸ್‌ಪೆಕ್ಟರು. "ಸಂಜೆ ಬರ್ತೀನಿ. ಗುಂಡಿ ಹತ್ತಿರ ಇರು. ಒಂದು ಕೊನೇ ಹೇಳಿಕೆ ತಗೊಂಡು ಮುಗಿಸಿಬಿಡೋಣ." ಇರು. ಮೊದಲ ದಿನ ಅದೇ ಮನುಷ್ಯ "ಸ್ವಲ್ಪ ಈ ಕಡೆ ಬರ್ತೀರಾ ಯಜಮಾನ್ರೇ" ಎಂದಿದ್ದ. "ಬರ್ತೀರಾ"ದಿಂದ "ಇರು"ಗೆ ಬರಲು ಒಂದು ವಾರವೂ ಹಿಡಿದಿರಲಿಲ್ಲ.

ಅವತ್ತು ಜೆಸಿಬಿಯವನು ಬಕೆಟ್ಟನ್ನು ಎತ್ತಿದವನು ಎತ್ತಿದ ಹಾಗೇ ನಿಲ್ಲಿಸಿ, ಕೆಳಗಿಳಿದು ಬಂದು, ಯಾರಿಗೋ ಎಚ್ಚರವಾದೀತು ಎನ್ನುವ ದನಿಯಲ್ಲಿ "ಅಣ್ಣಾ, ಒಂಚೂರು ನೋಡಿ ಬನ್ನಿ" ಎಂದಿದ್ದ. ಒಣಗಿದ ಬೇರಿನ ಬಣ್ಣ. ಮೊದಲು ಬೇರು ಎಂದೇ ಅಂದುಕೊಂಡ. ಆಮೇಲೆ ಹಲ್ಲು ಕಂಡಿತು. ಕಂಡ ಆ ಗಳಿಗೆಯಲ್ಲಿ ತನಗೆ ಏನು ಅನ್ನಿಸಿತು ಎಂದು ಅವನು ಈ ವಾರವೆಲ್ಲ ತನ್ನನ್ನೇ ಕೇಳಿಕೊಂಡಿದ್ದಾನೆ. ಅಯ್ಯೋ ಪಾಪ ಅನ್ನಿಸಲಿಲ್ಲ. ಯಾರಪ್ಪಾ ಇದು ಅನ್ನಿಸಲಿಲ್ಲ. ಅಯ್ಯೋ ಬದು, ಅನ್ನಿಸಿತು. ಇನ್ನು ಎಲ್ಲರೂ ಬರುತ್ತಾರೆ, ಅಳೆಯುತ್ತಾರೆ, ಕಾಲಿಡುತ್ತಾರೆ, ಈ ಜಾಗವನ್ನು ನೋಡುತ್ತಾರೆ. ಒಬ್ಬ ಮನುಷ್ಯನ ತಲೆ ಕಾಲ ಬಳಿ ಬಿದ್ದಿರುವಾಗ ಅವನ ತಲೆಯಲ್ಲಿದ್ದದ್ದು ತಾನು ತಿಂದ ಮಣ್ಣು. ಇನ್ಸ್‌ಪೆಕ್ಟರು ಬಂದು, ಇದು ಯಾರ ಹೊಲದಲ್ಲಿ ಬೀಳುತ್ತೆ ಎಂದು ಅತ್ತಿತ್ತ ನೋಡಿ, "ಈ ಬದು ಮೊದಲಿಂದ್ಲೂ ಇಲ್ಲೇ..." ಎಂದು ಕೇಳುತ್ತಿರುವಾಗಲೇ, ಕೇಳಿ ಮುಗಿಸುವ ಮೊದಲೇ, "ಮೊದಲಿಂದ್ಲೂ ಇಲ್ಲೇ ಇದೆ ಸಾರ್," ಎಂದುಬಿಟ್ಟಿದ್ದ. ಆ ಉತ್ತರ ಎಷ್ಟೋ ವರ್ಷದಿಂದ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಕೇಳಿದ ಮೊದಲನೆಯವನಿಗೆ ಕೊಟ್ಟುಬಿಟ್ಟ. ಕೊಟ್ಟ ಮೇಲೆ ಇನ್ಸ್‌ಪೆಕ್ಟರು ಗಲ್ಲ ಕೆರೆದುಕೊಂಡು, "ಹಾಗಾದ್ರೆ ಇದು ನಿಮ್ಮ ಬಯಲು ಹೊಲ. ಪ್ರತಿ ವರ್ಷ ಉಳೋ ಜಾಗ. ಇಲ್ಲಿ ಯಾರೋ ಆಳುದ್ದ ಗುಂಡಿ ತೋಡಿ, ಮನುಷ್ಯನ್ನ ಮಲಗಿಸಿ ಮುಚ್ಚಿ ಹೋಗಿದಾರೆ, ನಿಮಗೆ ಗೊತ್ತೇ ಆಗ್ಲಿಲ್ಲ!" ಎಂದಾಗ, ತಾನು ಏನು ಮಾಡಿಕೊಂಡೆ ಎನ್ನುವುದು ಕಾಲಿನಿಂದ ಮೇಲಕ್ಕೆ ಏರಿ ಬಂದಿತು.

ನಿಜ ಏನೆಂದರೆ ಬದು ಮೊದಲು ಈಗಿರುವಲ್ಲಿ ಇರಲಿಲ್ಲ. ಮೂಳೆ ಸಿಕ್ಕ ಜಾಗದಲ್ಲೇ ಇತ್ತು, ಅಪ್ಪಂದಿರ ಕಾಲದಲ್ಲಿ. ಒಂದೇ ಸಲಕ್ಕೆ ಸರಿಸಿದ್ದರೆ ಕುರುಡನಿಗೂ ಕಾಣುತ್ತಿತ್ತು. ಅವನು ಸರಿಸಲಿಲ್ಲ, ಸವೆಸಿದ. ವರ್ಷಕ್ಕೊಂದು ಗೆರೆ. ಉಳುವಾಗ ಕೊನೆಯ ಸಾಲನ್ನು ಬದುವಿನ ಬುಡಕ್ಕೆ ತಾಗಿಸಿ ಹೊಡೆಯುವುದು, ಆಮೇಲೆ ಸನಿಕೆ ತಗೊಂಡು ಬದು ಸರಿಮಾಡುವ ನೆಪದಲ್ಲಿ ಈ ಬದಿಯ ಮಣ್ಣನ್ನು ಕೆತ್ತಿ ಆಚೆ ಬದಿಗೆ ಬಡಿಯುವುದು. ಆಚೆ ಬದಿಯ ಹೊಲವನ್ನೂ ಅವನೇ ಉಳುತ್ತಿದ್ದ. ಅಲ್ಲಿ ಬದುವಿನಿಂದ ಒಂದು ಗೆರೆ ದೂರ ಬಿಟ್ಟು ಉತ್ತರಾಯಿತು. ಎರಡು ಕಡೆಯ ನೇಗಿಲೂ ಒಬ್ಬನ ಕೈಯಲ್ಲೇ ಇದ್ದ ಮೇಲೆ ನಡುವಿನ ಬದು ಎಲ್ಲಿ ನಿಲ್ಲಬೇಕೆಂದು ಹೇಳುವವರು ಯಾರು? ಬಾಡಿಗೆ ತಗೊಳ್ಳದಿದ್ದುದು ಅದಕ್ಕೇ. ಕದ್ದ ಮನೆಯಲ್ಲಿ ಊಟಕ್ಕೂ ಕೂರುವುದು ಹೇಗೆ ಎನ್ನುವ ಸಂಕೋಚ ಅವನಿಗೂ ಇತ್ತು. ಆದರೆ ಹಳೆಯ ಬದುವಿನ ಅಡಿಗೆ ಅಪ್ಪಂದಿರು ಕೂರಿಸಿದ್ದ ಕಲ್ಲುಗಳು ಬದುವಿನ ಜೊತೆ ಬರಲಿಲ್ಲ; ಇದ್ದಲ್ಲೇ ಇದ್ದು ಪ್ರತಿ ವರ್ಷ ನೇಗಿಲ ಮೊನೆ ಮುರಿಯುತ್ತಿದ್ದವು. ಈ ವರ್ಷ ಹಾಳಾಗಿ ಹೋಗಲಿ ಎಂದು ಜೆಸಿಬಿ ಕರೆಸಿ ಕಲ್ಲೆಲ್ಲ ಕೀಳಿಸಿ ಮನೆಯ ಹಿಂದೆ ರಾಶಿ ಹಾಕಿಸಿದ. ಜೆಸಿಬಿಯವನು ಯಾವುದೋ ಊರಿನವನು, ಅವನಿಗೆ ಕಲ್ಲು ಬರೀ ಕಲ್ಲು. ಆ ಕಲ್ಲಿನ ಕೆಳಗೆ, ನೆಲ ಇನ್ನಷ್ಟು ಸಡಿಲವಾಗಲಿ ಎಂದು ಬಕೆಟ್ ಇಳಿಸಿದಾಗ, ಇದು.

ಮನೆಯ ಹಿಂದೆ ಹೆಂಡತಿ ಬಟ್ಟೆ ಹರವುತ್ತಿದ್ದಳು. ಹಗ್ಗದ ಒಂದು ತುದಿ ಕಲ್ಲಿನ ರಾಶಿಯ ಪಕ್ಕದ ಕಂಬಕ್ಕಿತ್ತು. ಬಟ್ಟೆಯ ಆಚೆಯಿಂದಲೇ, "ಗಿರಣಿಗೆ ನೀವೇ ಹೋಗಿ ಬನ್ನಿ. ನಾನು ಹೋಗಲ್ಲ," ಎಂದಳು.

"ಯಾಕೆ, ಏನಂದ್ರು?"

"ಅಂದಿದ್ರೆ ಚೆನ್ನಾಗಿತ್ತು. ಡಬ್ಬ ಇಟ್ಟು ನಿಂತೆ, ಎಲ್ಲರೂ ಅವರವರ ಡಬ್ಬ ಒಂದು ಮೊಳ ಆಚೆ ಎಳ್ಕೊಂಡ್ರು. ನನ್ನ ಹಿಟ್ಟೇನು ಅವರ ಹಿಟ್ಟನ್ನ ಕಚ್ಚತ್ತಾ?" ಒದ್ದೆ ಅಂಗಿಯನ್ನು ಅವಳು ಫಟಾರೆಂದು ಒದರಿದಳು. "ಸಂಜೆ ಇನ್ಸ್‌ಪೆಕ್ಟರು ಬರ್ತಾರಂತಲ್ಲ, ಮನೆಗೂ ಫೋನ್ ಬಂದಿತ್ತು. ಹೇಳ್ಬಿಡಿ. ನಾನು ಬದು ತಿಂದೆ, ಮೂಳೆ ಇದ್ದದ್ದು ಬದುವಿನ ಕೆಳಗೆ, ಬದು ಹಾಕಿದಾಗ ನನಗೆ ಮೀಸೇನೂ ಬಂದಿರ್ಲಿಲ್ಲ ಅಂತ. ಅಷ್ಟೇ ತಾನೆ? ಆ ಹೆಣ ಯಾರದೋ, ಯಾವ ಕಾಲದ್ದೋ. ನಮಗೂ ಅದಕ್ಕೂ ಏನು ಸಂಬಂಧ? ಮಣ್ಣು ಹೋದ್ರೆ ಹೋಗ್ಲಿ ಕಣ್ರೀ."

"ನಾಚಿಕೆ ಆಗತ್ತೆ ಕಣೇ."

"ಓಹೋ! ಕೊಲೆಗಾರ ಅನ್ನಿಸಿಕೊಳ್ಳೋಕೆ ನಾಚಿಕೆ ಇಲ್ಲ, ಕಳ್ಳ ಅನ್ನಿಸಿಕೊಳ್ಳೋಕೆ ನಾಚಿಕೆ."

ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳು ಹೇಳಿದ್ದು ಅಷ್ಟಕ್ಕಷ್ಟೂ ನಿಜ. ಕೊಲೆ ಮಾಡಿಲ್ಲ ಎನ್ನುವುದು ಅವನಿಗೆ ಗೊತ್ತು, ಆದ್ದರಿಂದ ಕೊಲೆಗಾರ ಎಂದರೆ ಎಲ್ಲೋ ಹೊರಗೆ ತಗಲುತ್ತದೆ; ಕಳ್ಳ ಎಂದರೆ ಒಳಗೇ ಹೋಗಿ ಕೂರುತ್ತದೆ. ಅವನು ಕಲ್ಲಿನ ರಾಶಿಯ ಮುಂದೆ ನಿಂತ. ಇದರಲ್ಲಿ ಒಂದು ಕಲ್ಲನ್ನು ಅವನೂ ಹೊತ್ತಿದ್ದ. ಎರಡೂ ಕೈಯಲ್ಲಿ ಹೊಟ್ಟೆಗಾನಿಸಿಕೊಂಡು, ತೊಡರಿ ಬಿದ್ದು, ಅಪ್ಪನಿಂದ ಬೈಸಿಕೊಂಡು. ಆಚೆ ಹೊಲದ ಹುಡುಗ, ಆಗಲೇ ಬಾಯಲ್ಲಿ ಸೀಟಿ ಹೊಡೆಯಲು ಕಲಿತಿದ್ದವನು, ನಕ್ಕಿದ್ದ. ಎರಡು ಮನೆಯ ಅಪ್ಪಂದಿರಿಗೂ ಮಾತುಕತೆ ಅಷ್ಟಕ್ಕಷ್ಟೆ, ಅವತ್ತು ಮಾತ್ರ ಬೆನ್ನಿಗೆ ಬೆನ್ನು ತಾಗಿಸಿಕೊಂಡು ತುಟಿ ಬಿಚ್ಚದೆ ಕಲ್ಲು ಕೂರಿಸಿದರು. ಅಷ್ಟು ಚಿಕ್ಕ ಬದುವಿಗೆ ಇಷ್ಟೊಂದು ಕಲ್ಲು ಯಾಕೆ ಬೇಕಾಗಿತ್ತು? ಈ ಪ್ರಶ್ನೆ ಈ ವಾರ ಮೊದಲ ಸಲ ಎದ್ದು ನಿಂತಿತ್ತು. ಅಪ್ಪನ ಬೆವರಿದ ಬೆನ್ನು ಕಣ್ಣಿಗೆ ಕಟ್ಟಿದ ಹಾಗಿದೆ, ಮುಖ ಮಾತ್ರ ನೆನಪಾಗುವುದಿಲ್ಲ. ಕೇಳೋಣವೆಂದರೆ ಇಬ್ಬರೂ ಇಲ್ಲ. ಇನ್ನು ಇದನ್ನೂ ಹೊತ್ತುಕೊಂಡು ತಿರುಗಬೇಕು ಎಂದು ಗೆರೆಯಣ್ಣ ಬೇರೆಡೆ ನೋಡಿದ.

ಆ ಸೀಟಿ ಹುಡುಗನೇ ಮುಂದೆ ಸೀಟಿಯಣ್ಣನಾದ, ಅತ್ತಿಗೆಯ ಗಂಡನಾದ. ರಕ್ತಸಂಬಂಧವೇನಿಲ್ಲ, ಅಕ್ಕಪಕ್ಕದ ಹೊಲ, ಒಂದೆರಡು ವರ್ಷ ದೊಡ್ಡವನು, ಅಣ್ಣ ಎಂದ, ಅವನ ಹೆಂಡತಿ ಅತ್ತಿಗೆಯಾದಳು. ಮೊದಲನೆಯ ಗೆರೆ ತಿಂದ ವರ್ಷವೇ ಸೀಟಿಯಣ್ಣ ಕಂಡುಹಿಡಿದಿದ್ದ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಗೇಣು ಹಾಕಿ ನೋಡಿ, ಸೀಟಿ ನಿಲ್ಲಿಸಿ, "ಏನೋ ಇದು, ಬದುವಿಗೂ ಕಾಲು ಬಂದಿದೆಯಾ?" ಎಂದಿದ್ದ. ಸಿಕ್ಕಿಬಿದ್ದ ಉರಿ. ಅಕ್ಕಪಕ್ಕದ ಹೊಲದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಗೆರೆಯಣ್ಣ ಸನಿಕೆ ಎತ್ತಿ, ಗಂಟಲು ಹರಿಯುವ ಹಾಗೆ, "ಇನ್ನೊಂದು ಸಲ ಬದುವಿನ ತಂಟೆಗೆ ಬಂದ್ರೆ ಇದರಲ್ಲೇ ಹೂತುಬಿಡ್ತೀನಿ," ಎಂದಿದ್ದ. ಬಾಯಿಗೆ ಬಂದದ್ದು ಅಂದದ್ದು. ಅದೇ ತಿಂಗಳಲ್ಲಿ ಸೀಟಿಯಣ್ಣ ಒಂದು ಬೆಳಗ್ಗೆ, ಪಂಪಿನ ಬಿಡಿಭಾಗ ತರುತ್ತೇನೆಂದು ಕೈಚೀಲ ಹಿಡಿದು ಬಸ್ಸು ಹತ್ತಿದವನು ಬರಲಿಲ್ಲ. ಒಂದು ತಿಂಗಳು ಕಾದರು, ಒಂದು ವರ್ಷ ಕಾದರು. ಆಮೇಲೆ ಯಾರೋ ಅವನನ್ನು ದೂರದ ಊರಿನ ಬಸ್ ನಿಲ್ದಾಣದಲ್ಲಿ ಕಂಡರಂತೆ. ಪಕ್ಕದಲ್ಲಿ ಇನ್ನೊಬ್ಬಳು, ತೋಳಲ್ಲಿ ಮಗು. ಕಂಡವರು ಯಾರು ಎಂದು ಕೇಳಿದರೆ ಇನ್ಯಾರೋ. ಆ ಮಾತು ಊರಲ್ಲಿ ಬಿಡಾರ ಹೂಡಿತು. ಗೆರೆಯಣ್ಣನೂ ಅದನ್ನು ಒಂದೆರಡು ಕಡೆ ಹೇಳಿದ್ದುಂಟು, ಯಾಕೆಂದರೆ ಅವನು ಬರುವುದಿಲ್ಲ ಎನ್ನುವ ಸುದ್ದಿ ಅವನಿಗೆ ಹಿತವಾಗಿತ್ತು. ಮುಂದಿನ ವರ್ಷ ಎರಡನೆಯ ಗೆರೆ ಇಟ್ಟ. ಈಗ ಮೂಳೆ ಸೀಟಿಯಣ್ಣನದೇ ಎಂದು ಊರು ತೀರ್ಮಾನಿಸಿದ ಮೇಲೆ, ಸನಿಕೆ ಎತ್ತಿದ್ದನ್ನು ಕಂಡವರಿಗೆಲ್ಲ ಆ ಮಾತು ಅಕ್ಷರಶಃ ನೆನಪಿದೆ. ಅವತ್ತು ಹೊಲದಲ್ಲೇ ಇರದಿದ್ದವರಿಗೂ ನೆನಪಿದೆ.

ಮಧ್ಯಾಹ್ನ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಎದ್ದು ಕೈ ತೊಳೆದು, ಎಲ್ಲಿಗೆ ಎಂದು ಹೆಂಡತಿ ಕೇಳುವ ಮೊದಲೇ ಹೊರಟ. ಮೊದಲು ಅತ್ತಿಗೆಗೆ ಹೇಳಬೇಕು. ಪೊಲೀಸರ ಬಾಯಿಂದ ಅವಳಿಗೆ ತಿಳಿಯಬಾರದು. ಇಷ್ಟಾದರೂ ಮರ್ಯಾದೆ ಉಳಿಸಿಕೊಳ್ಳೋಣ ಎಂದು ಹೆಜ್ಜೆ ಹಾಕಿದವನಿಗೆ, ಅದರ ಹಿಂದೆಯೇ ಇನ್ನೊಂದು ಲೆಕ್ಕ ಓಡುತ್ತಿರುವುದು ಕಾಣಿಸಿತು: ಮೊದಲೇ ಹೇಳಿದರೆ ಅವಳು ಹೊಟ್ಟೆಗೆ ಹಾಕಿಕೊಂಡಾಳು, ನೆಲ ಬಿಟ್ಟುಕೊಟ್ಟರೆ ಸಾಕು, ದೂರು ಗೀರು ಬೇಡ ಎಂದಾಳು. ಛೀ, ಎಂದುಕೊಂಡ. ಗುಂಡಿಯ ಸುತ್ತ ಪೊಲೀಸರು ಕಟ್ಟಿದ್ದ ಪಟ್ಟಿ ಒಂದು ಕಡೆ ಹರಿದು ಗಾಳಿಗೆ ಪಟಪಟಿಸುತ್ತಿತ್ತು. ಮೂಳೆಯೆಲ್ಲ ಎತ್ತಿಕೊಂಡು ಹೋಗಿಯಾಗಿತ್ತು, ಆದರೂ ನೋಡಲು ಬಂದ ಯಾರೋ ಗಂಡಹೆಂಡತಿ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದರು. ಅವನನ್ನು ಕಂಡು ಗಂಡ ಹೆಂಡತಿಯ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡ. ನನ್ನ ಹೊಲದಲ್ಲಿ ನಿಂತು ನನಗೇ ಹೆದರುತ್ತಿದ್ದಾರೆ. ನನ್ನ ಹೊಲ ಎನ್ನುವ ಮಾತು ಎಷ್ಟು ಸಲೀಸಾಗಿ ಬಂತು ಎಂದು ಆಮೇಲೆ ಹೊಳೆಯಿತು.

ಅತ್ತಿಗೆಯ ಮನೆ ಅವಳ ಹೊಲದ ತುದಿಯಲ್ಲೇ. ಗೋಡೆಗೆ ಒರಗಿಸಿದ್ದ ಸೀಟಿಯಣ್ಣನ ಸೈಕಲ್ಲು ಇರಲಿಲ್ಲ. ಗಾಳಿಯಿಲ್ಲದ ಚಕ್ರದ ಆ ಸೈಕಲ್ಲನ್ನು ಅವಳು ವಾರಕ್ಕೊಮ್ಮೆ ಒರೆಸುತ್ತಿದ್ದುದನ್ನು ಊರೇ ನೋಡಿ ಒಳಗೊಳಗೇ ನಗುತ್ತಿತ್ತು. ಈಗ ಗೋಡೆಯ ಮೇಲೆ ಅದರ ಹಿಡಿಯ ಗೀಚು ಮಾತ್ರ ಉಳಿದಿತ್ತು. ಒಳಗೆ ಬೀದಿಯ ಹೆಂಗಸರು ನಾಲ್ಕು ಜನ ಅವಳ ಸುತ್ತ ಕೂತಿದ್ದರು. ಅವನು ಬಾಗಿಲಲ್ಲಿ ಕಂಡೊಡನೆ ಮಾತು ನಿಂತಿತು. ಒಬ್ಬಳು ಸೆರಗು ಎಳೆದುಕೊಂಡಳು. ಅತ್ತಿಗೆ ಮಾತ್ರ, "ಬಾ ಗೆರೆ," ಎಂದಳು, ಯಾವಾಗಲೂ ಅನ್ನುವ ಹಾಗೆ. ಆಮೇಲೆ ಅವರಿಗೆ, "ಒಂಚೂರು ಹೊರಗಿರ್ರಮ್ಮ. ನನ್ನನ್ನೇನೂ ತಿಂದುಹಾಕಲ್ಲ." ಅವರು ಎದ್ದು ಅವನಿಗೆ ಮೈ ತಾಗದಂತೆ ಓರೆಯಾಗಿ ದಾಟಿ ಹೋದರು. ಅವಳ ಮುಖ ನೋಡಿ ಅವನಿಗೆ ಗಾಬರಿಯಾಯಿತು. ಅತ್ತು ಕಣ್ಣು ಊದಿದ್ದವು ನಿಜ, ಆದರೆ ಮುಖ ನಿದ್ದೆ ಮಾಡಿ ಎದ್ದ ಮುಖ. ಇಷ್ಟು ವರ್ಷ ಹುಬ್ಬಿನ ನಡುವೆ ಇದ್ದ ಗಂಟು ಬಿಚ್ಚಿಕೊಂಡಿತ್ತು. ತೊಡೆಯ ಮೇಲೆ ಗಂಡನ ಅಂಗಿಗಳನ್ನಿಟ್ಟುಕೊಂಡು ಒಂದೊಂದಾಗಿ ಮಡಿಸುತ್ತಿದ್ದಳು, ಯಾರಿಗೋ ಕೊಟ್ಟುಬಿಡಲು.

"ಅತ್ತಿಗೆ, ಒಂದು ಮಾತು ಹೇಳ್ಬೇಕಿತ್ತು."

"ಕೂತ್ಕೊಂಡು ಹೇಳು."

ಅವನು ಕೂರಲಿಲ್ಲ. "ಅದು ಅಣ್ಣ ಅಲ್ಲ."

ಅವಳು ಒಂದು ತೋಳನ್ನು ಒಳಕ್ಕೆ ಮಡಿಸಿ, ಇನ್ನೊಂದನ್ನು ಮಡಿಸಿ, ಕಾಲರನ್ನು ಒತ್ತಿದಳು. ಅವನು ನೆಲ ನೋಡುತ್ತಾ ಒದರಿದ. ಬದು ಮೊದಲು ಅಲ್ಲಿತ್ತು, ನಾನು ಸರಿಸಿದೆ, ವರ್ಷ ವರ್ಷ ಸರಿಸಿದೆ. ಮೂಳೆ ಇದ್ದದ್ದು ಹಳೇ ಬದುವಿನ ಕಲ್ಲಿನ ಕೆಳಗೆ. ಆ ಕಲ್ಲು ಕೂರಿಸಿದಾಗ ನಾನು ಇಷ್ಟುದ್ದ ಇದ್ದೆ, ಅಣ್ಣನೂ ಅಷ್ಟೇ ಇದ್ದ. ಆಮೇಲೆ ಈ ವರ್ಷದವರೆಗೆ ಆ ಕಲ್ಲನ್ನ ಯಾರೂ ಅಲ್ಲಾಡಿಸಿಲ್ಲ. ಹೇಳಿ ಮುಗಿದ ಮೇಲೆ ಕೆನ್ನೆಗೆ ಏಟು ಬೀಳಲಿ ಎಂದು ಕಾದ. ಬಿದ್ದಿದ್ದರೆ ಒಳ್ಳೆಯದಿತ್ತು.

"ಇಲ್ಲಿ ಬಾ," ಎಂದು ಅವಳು ಎದ್ದು ಅಡಿಗೆಮನೆಯ ಕಿಟಕಿಯ ಬಳಿ ನಿಂತಳು. ಅಲ್ಲಿಂದ ಬದು ಈ ತುದಿಯಿಂದ ಆ ತುದಿಯವರೆಗೆ ಉದ್ದಕ್ಕೂ ಕಾಣುತ್ತಿತ್ತು. ಅವಳು ಕಿಟಕಿಯ ಸರಳೊಂದನ್ನು ಮುಟ್ಟಿದಳು. "ಅವರು ಹೋದಾಗ ಬದು ಈ ಸರಳಿನ ನೇರಕ್ಕಿತ್ತು. ಪಾತ್ರೆ ತೊಳೆಯೋವಾಗ ದಿನಾ ನೋಡ್ತಿದ್ದೆನಲ್ಲ. ಆಮೇಲೆ ಈ ಸರಳಿಗೆ ಬಂತು. ಆಮೇಲೆ ಇದು. ಈಗ ನೋಡು, ಇಲ್ಲಿದೆ." ಬೆರಳು ಒಂದೊಂದೇ ಸರಳನ್ನು ದಾಟಿಕೊಂಡು ಬಂದು ಚೌಕಟ್ಟಿಗೆ ನಿಂತಿತು. "ಇನ್ನೊಂದೆರಡು ವರ್ಷ ಬಿಟ್ಟಿದ್ರೆ ಕಿಟಕಿಯಿಂದಲೇ ಹೊರಗೆ ಹೋಗ್ತಿತ್ತು."

ಅವನು ಸರಳಿನಿಂದ ಕಣ್ಣು ತೆಗೆದ. ಸನಿಕೆ ಹಿಡಿದು, ಯಾರೂ ಇಲ್ಲ ಎಂದು ಅತ್ತಿತ್ತ ನೋಡಿ, ಮಣ್ಣು ಕೆತ್ತಿ ಆಚೆಗೆ ಬಡಿಯುತ್ತಿದ್ದ ಆ ಎಲ್ಲ ಸಂಜೆಗಳಲ್ಲೂ ಈ ಸರಳುಗಳ ಹಿಂದೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಮರುದಿನ ಎದುರಿಗೆ ಸಿಕ್ಕಾಗ "ಚೆನ್ನಾಗಿ ಉತ್ತಿದೀಯ ಗೆರೆ" ಎಂದಿದ್ದಳು. ಅವನು ಹಿಗ್ಗಿದ್ದ.

"ಮತ್ತೆ ಯಾಕೆ ಕೇಳ್ಲಿಲ್ಲ ಅತ್ತಿಗೆ?"

"ಅವರು ಬಂದು ಕೇಳ್ಲಿ ಅಂತ. ಬಂದ ಮನುಷ್ಯನಿಗೆ ಮನೇಲಿ ನಿಲ್ಲೋಕೆ ಒಂದು ನೆಪ ಬೇಕಲ್ಲ. ನನ್ನ ಮುಖಕ್ಕಂತೂ ನಿಲ್ಲಲಿಲ್ಲ, ಬದುವಿನ ಜಗಳಕ್ಕಾದ್ರೂ ನಿಲ್ಲಲಿ ಅಂತ ಎತ್ತಿಟ್ಟಿದ್ದೆ." ಅವಳು ನಕ್ಕಳೋ ಏನೋ, ಅವನು ಮುಖ ನೋಡಲಿಲ್ಲ. "ಕಲ್ಲು ಕೀಳಿಸಿದ್ದನ್ನೂ ಇಲ್ಲಿಂದಲೇ ನೋಡಿದೆ. ಕಲ್ಲಿನ ಕೆಳಗಿಂದ ಬಂದಿದ್ದು ಅಂತ ನಿನಗಿಂತ ಮೊದಲು ನನಗೆ ಗೊತ್ತಾಯ್ತು. ಅವರಲ್ಲ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ಹೊರಗೆ ಹೆಂಗಸರ ಪಿಸುಮಾತು ನಿಂತಿತು. ಅವಳು ದನಿ ತಗ್ಗಿಸಿದಳು. "ಬಸ್ ನಿಲ್ದಾಣದಲ್ಲಿ ನೋಡಿದ್ವಿ, ಪಕ್ಕದಲ್ಲಿ ಯಾರೋ ಇದ್ಲು ಅಂತ ನನ್ನ ಮುಂದೇನೇ ಹೇಳಿದಾರೆ ಗೆರೆ. ಮಗು ಅವರ ಹಾಗೇ ಇತ್ತಂತೆ. ಅದನ್ನೂ ಹೇಳಿದಾರೆ. ಗಂಡ ಬಿಟ್ಟೋದೋಳು. ಏನು ಕಮ್ಮಿ ಮಾಡಿದ್ಲೋ, ಏನು ಕೊರತೆ ಇತ್ತೋ ಅಂತ ಬೀದೀಲಿ ಹೋದ್ರೆ ಕಾಲಿಂದ ತಲೇವರೆಗೆ ನೋಡೋರು. ಈ ವಾರ ಯಾರೂ ಹಾಗೆ ನೋಡಿಲ್ಲ. ಇವರೆಲ್ಲ ಬಂದು ಕೂತ್ಕೊಂಡು, ಅಯ್ಯೋ ನಿನ್ನ ಬಿಟ್ಟು ಹೋಗೋ ಮನುಷ್ಯನೇ ಅಲ್ಲ ಅವನು, ಇಲ್ಲೇ ಇದ್ದ, ನಿನ್ನ ಕಣ್ಣೆದುರಿಗೇ ಇದ್ದ ಅಂತಾರೆ. ನನ್ನ ಕೈ ಹಿಡ್ಕೊಂಡು ಹೇಳ್ತಾರೆ. ನನಗದು ಬೇಕು. ಸುಳ್ಳಾದ್ರೂ ಬೇಕು. ಈಗಷ್ಟೇ ಸಿಕ್ಕಿದಾರೆ, ನೀನು ಮತ್ತೆ ಕಳೆದುಹಾಕ್ಬೇಡ."

"ನಾನು ಅತ್ತಿಗೆ? ನನ್ನ ಜನ ಕೊಲೆಗಾರ ಅಂತಿದಾರೆ."

"ಅನ್ಲಿ." ಅವಳು ಅಂಗಿಯ ಗಂಟನ್ನು ಎತ್ತಿ ಮೂಲೆಗಿಟ್ಟಳು. "ಇಷ್ಟು ವರ್ಷ ನಾನು ಅನ್ನಿಸ್ಕೊಂಡಿದೀನಿ, ಏನೂ ಮಾಡ್ದೆ. ಸ್ವಲ್ಪ ದಿನ ನೀನೂ ಅನ್ನಿಸ್ಕೋ. ಆ ನೆಲ ನೀನೇ ಇಟ್ಕೋ. ನಾನು ಯಾವತ್ತೂ ಕೇಳಲ್ಲ."

ಆಗ ಅವನಿಗೆ ಆದದ್ದನ್ನು ಅವನು ಹೆಂಡತಿಗೂ ಹೇಳಲಾರ. ಇಷ್ಟೆಲ್ಲ ಕೇಳಿ, ಇಷ್ಟೆಲ್ಲ ನಾಚಿ, ಬೆವೆತು ನಿಂತಿದ್ದ ಅವನ ಎದೆಯೊಳಗೆ, ಆ ನೆಲ ನೀನೇ ಇಟ್ಕೋ ಎನ್ನುವ ಮಾತು ಕಿವಿಗೆ ಬಿದ್ದೊಡನೆ, ಏನೋ ಒಂದು ಸಣ್ಣಗೆ ಖುಷಿಪಟ್ಟಿತು. ಹಸಿದವನ ಬಾಯಲ್ಲಿ ತಾನಾಗಿ ನೀರೂರುವ ಹಾಗೆ. ಅವನು ಅದನ್ನು ತುಳಿಯಲು ನೋಡಿದ. ಅದು ಕಾಲಡಿಯಿಂದ ನುಣುಚಿಕೊಂಡು ಮತ್ತೆ ಎದ್ದಿತು. ಹೊರಗೆ ಬಂದ. ಹೆಂಗಸರು ದಾರಿ ಬಿಟ್ಟರು.

ಸಂಜೆ ಜೀಪು ಹೊಲದ ಅಂಚಿಗೆ ಬಂದು ನಿಲ್ಲುವಷ್ಟರಲ್ಲಿ ಜನ ಸೇರಿದ್ದರು. ಕ್ಷೌರದವನೂ ಅಂಗಡಿ ಮುಚ್ಚಿಕೊಂಡು ಬಂದಿದ್ದ. ಹೆಂಡತಿ ಸ್ವಲ್ಪ ದೂರದಲ್ಲಿ ತೋಳು ಕಟ್ಟಿಕೊಂಡು ನಿಂತು, ಹೇಳ್ಬಿಡಿ ಎಂದು ಕಣ್ಣಲ್ಲೇ ಅವನನ್ನು ಮುಂದಕ್ಕೆ ತಳ್ಳುತ್ತಿದ್ದಳು. ಇನ್ಸ್‌ಪೆಕ್ಟರು ಗುಂಡಿಯೊಳಗೆ ಒಂದು ಸಲ ಇಣುಕಿ, ಟೋಪಿ ತೆಗೆದು ಹಣೆ ಒರೆಸಿಕೊಂಡ.

"ಲ್ಯಾಬಿನವರು ಹಳೇದು ಅಂತಾರೆ. ಎಷ್ಟು ಹಳೇದ್ರಪ್ಪಾ ಅಂದ್ರೆ ಸರಿಯಾಗಿ ಹೇಳೋಕಾಗಲ್ಲ ಅಂತಾರೆ. ಹೋಲಿಸಿ ನೋಡೋಣ ಅಂದ್ರೆ ಕಾಣೆಯಾದ ಆ ಮನುಷ್ಯನ ಕಡೆ ರಕ್ತಸಂಬಂಧ ಅಂತ ಒಬ್ರೂ ಇಲ್ಲ. ಉಳಿದಿರೋದು ನಿನ್ನ ಮಾತೊಂದೇ." ಅವನು ಟೋಪಿಯಿಂದ ಬದುವನ್ನು ತೋರಿಸಿದ. "ಕೊನೇ ಸಲ ಕೇಳ್ತೀನಿ. ಈ ಬದು ಯಾವತ್ತಾದ್ರೂ ಜರುಗಿದೆಯಾ? ಜರುಗಿದ್ರೆ ಹೇಳಿಬಿಡು, ಅದು ಸಣ್ಣ ವಿಷಯ, ನೀನೂ ಆಯಮ್ಮನೂ ಬಗೆಹರಿಸಿಕೊಳ್ಳಬಹುದು. ಜರುಗಿಲ್ಲ ಅಂದ್ರೆ, ನಿನ್ನ ಹೊಲದಲ್ಲಿ ಹೂತಿರೋ ಹೆಣಕ್ಕೆ ನೀನೇ ಉತ್ತರ ಹೇಳ್ಬೇಕಾಗತ್ತೆ. ಇವತ್ತಿಗೆ ಮುಗಿಯಲ್ಲ, ಸ್ಟೇಷನ್ನಿಗೆ ಎಷ್ಟು ಸಲ ಅಲೆಯಬೇಕಾಗತ್ತೋ ನನಗೂ ಗೊತ್ತಿಲ್ಲ. ಆಯಮ್ಮನ್ನ ಬೆಳಗ್ಗೆ ಕೇಳಿದೆ. ಜರುಗಿಲ್ಲ ಅಂದ್ರು."

ಬೆಳಗ್ಗೆಯೇ. ತಾನು ಹೋಗಿ ಹೇಳುವ ಮೊದಲೇ. ಗೆರೆಯಣ್ಣ ಅತ್ತಿಗೆಯ ಮನೆಯ ಕಡೆ ನೋಡಿದ. ಈ ದೂರದಿಂದ ಕಿಟಕಿ ಕಪ್ಪು ಚೌಕ ಮಾತ್ರ. ಹೆಂಡತಿಯ ಕಡೆ ನೋಡಿದ. ಸತ್ಯ ಬಾಯಲ್ಲಿ ಬಂದು ನಿಂತಿತ್ತು, ಉಗುಳಿದರೆ ಹೊರಗೆ. ನಾಳೆ ಹಿಟ್ಟಿನ ಡಬ್ಬಗಳು ಮತ್ತೆ ಒಂದರ ಪಕ್ಕ ಒಂದು ಕೂರುತ್ತವೆ. ಕ್ಷೌರದವನು ಸೊಂಟನೋವಿನ ಕಥೆ ಹೇಳುತ್ತಾನೆ, ಬದು ತಿಂದ ಗೆರೆಯಣ್ಣನ ಕಥೆಯನ್ನು ಬೇರೆಯವರಿಗೆ ಹೇಳುತ್ತಾನೆ, ಜನ ನಾಲ್ಕು ದಿನ ನಕ್ಕು ಸುಮ್ಮನಾಗುತ್ತಾರೆ. ಆಚೆ ಮನೆಯಲ್ಲಿ ಆ ನಾಲ್ಕು ಹೆಂಗಸರು ಅವಳ ಕೈ ಬಿಟ್ಟು, ಎದ್ದು, ಸೆರಗು ಒದರಿಕೊಂಡು ಮನೆಗೆ ಹೋಗುತ್ತಾರೆ. ದಾರಿಯಲ್ಲಿ ಬಸ್ ನಿಲ್ದಾಣದ ಮಾತು ಮತ್ತೆ ಶುರುವಾಗುತ್ತದೆ.

"ಇಲ್ಲ ಸಾರ್," ಎಂದ. ಮೊದಲ ಸಲ ಪ್ರಶ್ನೆ ಮುಗಿಯುವ ಮುಂಚೆ ಹಾರಿ ಬಂದಿದ್ದ ಮಾತು ಈ ಸಲ ಒಂದೊಂದೇ ಅಕ್ಷರವಾಗಿ ಬಂದಿತು. "ಮೊದಲಿಂದ್ಲೂ ಇಲ್ಲೇ ಇದೆ."

ಹೆಂಡತಿ ಕಟ್ಟಿಕೊಂಡ ತೋಳು ಬಿಚ್ಚಿ ನೆಲದ ಮೇಲೆ ಕೂತುಬಿಟ್ಟಳು. ಜನರ ನಡುವೆ ಉಸಿರು ಬಿಟ್ಟ ಸದ್ದು ಕೇಳಿಸಿತು. ನಾನು ಹೇಳ್ಲಿಲ್ವಾ ಎಂದು ಯಾರೋ ಯಾರಿಗೋ ಅಂದರು. ಇನ್ಸ್‌ಪೆಕ್ಟರು ಟೋಪಿ ತಲೆಗಿಟ್ಟುಕೊಂಡು, "ಸರಿ. ಹತ್ತು," ಎಂದ. ಗೆರೆಯಣ್ಣ ಜೀಪಿನ ಹಿಂದಿನ ಹಲಗೆಯ ಮೇಲೆ ಕೂತ. ಅತ್ತಿಗೆಗಾಗಿ ಹೇಳಿದೆನಾ, ಮಣ್ಣಿಗಾಗಿ ಹೇಳಿದೆನಾ? ಅವಳ ಮುಖ ನೆನೆಸಿಕೊಂಡರೆ ಅವಳಿಗಾಗಿ ಎನ್ನಿಸುತ್ತಿತ್ತು; ನೆನಪು ಜಾರಿದೊಡನೆ ಆ ಸಣ್ಣ ಖುಷಿ ಅಲ್ಲೇ ಕೂತಿರುವುದು ಕಾಣುತ್ತಿತ್ತು. ಜೀಪು ತಿರುಗಿ ದಿಣ್ಣೆ ಏರಿತು. ಮೇಲಿನಿಂದ ಎರಡೂ ಹೊಲ ಒಟ್ಟಿಗೆ ಕಂಡವು. ಯಾವತ್ತೂ ಉಳುವಾಗ ತಿರುಗಿ ನೋಡದವನು ಈಗ ಹಿಂದಕ್ಕೆ ಮುಖ ಮಾಡಿಯೇ ಕೂತಿದ್ದ. ನಡುವೆ ಬದು, ವರ್ಷ ವರ್ಷ ಕದ್ದು ಸರಿಸಿದ ಬದು, ಈ ತುದಿಯಿಂದ ಆ ತುದಿಯವರೆಗೆ ಒಂದು ಕಡೆಯೂ ಸೊಟ್ಟಗಾಗದೆ, ದಾರ ಹಿಡಿದು ಎಳೆದ ಹಾಗೆ ನೆಟ್ಟಗಿತ್ತು. ಅಂಥ ಹೊತ್ತಿನಲ್ಲೂ ಅವನಿಗೆ ಒಂದು ಗಳಿಗೆ ಹೆಮ್ಮೆಯಾಯಿತು.